59 ದಿನ ತೆರೆದೇ ಇದ್ದ ಬಾಗಿಲು

2017ರ ಮೇ 12, ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಪರದೆಗಳು ಒಂದರ ಹಿಂದೊಂದು ಕೆಂಪಾಗತೊಡಗಿದವು. ಮೂಲೆಯಲ್ಲೊಂದು ಬೀಗದ ಚಿತ್ರ, ಅದರ ಕೆಳಗೆ ಹಿಂದಕ್ಕೆ ಎಣಿಸುತ್ತಿದ್ದ ಎರಡು ಗಡುವು. ನಿಮ್ಮ ಫೈಲ್‌ಗಳಿಗೆಲ್ಲ ಬೀಗ ಬಿದ್ದಿದೆ, 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಟ್ಟರೆ ತೆರೆದುಕೊಡುತ್ತೇವೆ ಎಂಬ ಒಕ್ಕಣೆ. ಮೂರು ದಿನ ದಾಟಿದರೆ ಮೊತ್ತ ಇಮ್ಮಡಿ. ಏಳು ದಿನ ದಾಟಿದರೆ ಫೈಲ್‌ಗಳ ಆಸೆಯನ್ನೇ ಬಿಡಬೇಕು.

ಲಂಡನ್ನಿನ ಬಾರ್ಟ್ಸ್ ಆಸ್ಪತ್ರೆ ಸಮೂಹ ತನ್ನ ಕಡೆಗೆ ಬರುತ್ತಿದ್ದ ಆಂಬುಲೆನ್ಸ್‌ಗಳನ್ನು ಬೇರೆಡೆಗೆ ತಿರುಗಿಸಿತು. ಸೋಂಕು ತಗಲದ ಆಸ್ಪತ್ರೆಗಳೂ ಭಯಕ್ಕೆ ಇಮೇಲ್ ಬಂದ್ ಮಾಡಿ ಕುಳಿತವು. ವೈದ್ಯರು ಸ್ವಂತ ಮೊಬೈಲ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದರು. ರೋಗಿಯ ಹಿಂದಿನ ವರದಿ ನೋಡೋಣವೆಂದರೆ ತೆರೆಯದು, ಹೊಸದನ್ನು ಬರೆದಿಡೋಣವೆಂದರೆ ಕಾಗದ ಪೆನ್ನೇ ಗತಿ. ಆ ದೇಶದ ಲೆಕ್ಕಪರಿಶೋಧನಾ ಕಚೇರಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟ್‌ಗಳ ಪೈಕಿ ಮೂರನೇ ಒಂದು ಭಾಗಕ್ಕೆ ಇದರ ಬಿಸಿ ತಟ್ಟಿತ್ತು. ರದ್ದಾದ ತಪಾಸಣೆ, ಶಸ್ತ್ರಚಿಕಿತ್ಸೆಗಳ ಅಂದಾಜು ಸಂಖ್ಯೆ 19 ಸಾವಿರಕ್ಕೂ ಹೆಚ್ಚು. ಸ್ಕ್ಯಾನಿಂಗ್ ಯಂತ್ರದಂಥ ರೋಗಪತ್ತೆ ಸಲಕರಣೆಗಳಲ್ಲೇ 1,220ಕ್ಕೆ ಸೋಂಕು ತಗಲಿತ್ತು.

ಕೆಲವೇ ದಿನಗಳಲ್ಲಿ ಜಗತ್ತಿನ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಇದಕ್ಕೆ ಸಿಕ್ಕವು. ಫ್ರಾನ್ಸ್‌ನಲ್ಲಿ ರೆನೋ ಕಾರು ಕಾರ್ಖಾನೆ ನಿಂತಿತು. ಜರ್ಮನಿಯ ರೈಲು ನಿಲ್ದಾಣಗಳ ವೇಳಾಪಟ್ಟಿ ಫಲಕದ ಮೇಲೂ ಆ ಕೆಂಪು ಪರದೆ ಕಂಡಿತು. ನಮ್ಮಲ್ಲಿ ಆಂಧ್ರಪ್ರದೇಶದ ಪೊಲೀಸ್ ಇಲಾಖೆ, ಕೇರಳದ ಪಂಚಾಯಿತಿ ಕಚೇರಿ, ಪಶ್ಚಿಮ ಬಂಗಾಳದ ವಿದ್ಯುತ್ ವಿತರಣಾ ಕಚೇರಿಗಳಿಂದ ದೂರು ಬಂದವು. ಈ ಕುತಂತ್ರಾಂಶಕ್ಕೆ ಬಿದ್ದ ಹೆಸರು ವಾನಾಕ್ರೈ.

ಇಷ್ಟು ವರ್ಷಗಳ ನಂತರ ಅದನ್ನೇ ಮತ್ತೆ ಎತ್ತಿಕೊಳ್ಳಲು ಕಾರಣವಿದೆ. ಕುತಂತ್ರಾಂಶ ಕಂಪ್ಯೂಟರಿನೊಳಗೆ ಹೇಗೆ ನುಗ್ಗುತ್ತದೆ, ನುಗ್ಗಿದ ಮೇಲೆ ಏನು ಮಾಡುತ್ತದೆ ಎಂಬುದು ಇಷ್ಟು ಬಿಡಿಬಿಡಿಯಾಗಿ ಸಾರ್ವಜನಿಕರ ಮುಂದೆ ಬಂದ ಪ್ರಕರಣಗಳು ಕಡಿಮೆ. ದಾಳಿ ನಡೆದ ದಿನಕ್ಕಿಂತ ಅದರ ಹಿಂದಿನ ಸಪ್ಪೆ ದಿನಗಳಲ್ಲೇ ಎಲ್ಲವೂ ತೀರ್ಮಾನವಾಗಿರುತ್ತದೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಕರಣವೂ ಕಡಿಮೆ.

ಯಾರೂ ಏನನ್ನೂ ಒತ್ತಿರಲಿಲ್ಲ

ವೈರಸ್ ಬಂತು ಅಂದ ಕೂಡಲೇ ಯಾರೋ ಸಿಬ್ಬಂದಿ ಯಾವುದೋ ಲಿಂಕ್ ಒತ್ತಿರಬೇಕು ಎಂದು ಊಹಿಸುವುದು ವಾಡಿಕೆ. ಆ ಶುಕ್ರವಾರವೂ ಹಾಗೇ ಹೇಳಿದರು. ಎಷ್ಟು ಹುಡುಕಿದರೂ ಅಂಥ ಇಮೇಲ್ ಸಿಗಲಿಲ್ಲ. ವಾನಾಕ್ರೈ ಯಾರ ಕೈಯ ಸಹಾಯವೂ ಇಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ದಾಟುತ್ತಿತ್ತು. ಈ ಜಾತಿಯದನ್ನು ತಂತ್ರಜ್ಞರು ವರ್ಮ್ ಎನ್ನುತ್ತಾರೆ. ಇನ್ನೊಂದು ಪ್ರೋಗ್ರಾಂಗೋ ಫೈಲ್‌ಗೋ ಅಂಟಿಕೊಂಡು, ಮನುಷ್ಯರು ಅದನ್ನು ತೆರೆದಾಗ ಮಾತ್ರ ಹರಡುವುದು ವೈರಸ್. ದಿನಬಳಕೆಯಲ್ಲಿ ನಾವು ಎರಡನ್ನೂ ವೈರಸ್ ಎಂದೇ ಕರೆಯುತ್ತೇವೆ, ಅದರಿಂದ ನಷ್ಟವೇನಿಲ್ಲ.

ಒಂದೇ ಕಚೇರಿಯ ಕಂಪ್ಯೂಟರ್‌ಗಳು ಫೈಲ್, ಪ್ರಿಂಟರ್‌ಗಳನ್ನು ಹಂಚಿಕೊಳ್ಳಲೆಂದು ವಿಂಡೋಸ್‌ನಲ್ಲಿ ಎಸ್‌ಎಂಬಿ ಎಂಬ ಸೇವೆ ಇದೆ. ಅದು 445 ಎಂಬ ಸಂಖ್ಯೆಯ ಪೋರ್ಟ್‌ನಲ್ಲಿ, ಅಂದರೆ ಬಾಗಿಲಿನಲ್ಲಿ, ಯಾರಾದರೂ ಕರೆಯುತ್ತಾರೇನೋ ಎಂದು ಕಾದಿರುತ್ತದೆ. ವಾನಾಕ್ರೈ ಹೊಕ್ಕ ಯಂತ್ರ ತನ್ನದೇ ಕಚೇರಿಯ ಉಳಿದ ಕಂಪ್ಯೂಟರ್‌ಗಳ ಈ ಬಾಗಿಲನ್ನು ತಟ್ಟುತ್ತಿತ್ತು. ಜೊತೆಜೊತೆಗೇ ಇಂಟರ್ನೆಟ್‌ನ ಯಾವ್ಯಾವುದೋ ವಿಳಾಸಗಳನ್ನು ಮನಸ್ಸಿಗೆ ಬಂದಂತೆ ಆರಿಸಿ ಅಲ್ಲೂ ತಟ್ಟುತ್ತಿತ್ತು.

ಬಾಗಿಲು ತೆಗೆದರೆ ಸಾಲದು, ಒಳಗೆ ಕಾಲಿಡಲು ದೋಷವೊಂದು ಬೇಕು. ಆ ದೋಷ ಎಸ್‌ಎಂಬಿಯ ಹಳೆಯ ಆವೃತ್ತಿಯಲ್ಲಿತ್ತು. ಹೊರಗಿಂದ ಬರುವ ಮಾಹಿತಿಗೆ ಎಷ್ಟು ಜಾಗ ಬೇಕೆಂದು ವಿಂಡೋಸ್ ಮೊದಲೇ ಲೆಕ್ಕ ಹಾಕಿ ಮೆಮೊರಿಯಲ್ಲಿ ಅಷ್ಟನ್ನು ಕಾದಿರಿಸುತ್ತದೆ. ಲೆಕ್ಕದ ಮಧ್ಯೆ ಒಂದು ಕಡೆ 32 ಬಿಟ್‌ಗಳ ಸಂಖ್ಯೆಯನ್ನು ಪೂರ್ತಿ ತಿದ್ದುವ ಬದಲು ಅದರ 16 ಬಿಟ್‌ಗಳನ್ನಷ್ಟೇ ತಿದ್ದುತ್ತಿತ್ತು. ಬೇಕೆಂದೇ ವಕ್ರವಾಗಿ ಕಟ್ಟಿದ ಮಾಹಿತಿ ಕಳಿಸಿದರೆ, ಕಾದಿರಿಸಿದ ಜಾಗ ಚಿಕ್ಕದು, ತುಂಬಬೇಕಾದದ್ದು ದೊಡ್ಡದು ಎಂದಾಗುತ್ತಿತ್ತು. ಉಕ್ಕಿದ್ದು ಪಕ್ಕದ ಮೆಮೊರಿಗೆ ಹರಿದು ಅಲ್ಲಿದ್ದದ್ದನ್ನು ಅಳಿಸಿ ತಾನು ಕೂರುತ್ತಿತ್ತು. ಹಾಗೆ ಹೋಗಿ ಕೂತದ್ದು ದಾಳಿಕೋರರ ಆಜ್ಞೆಗಳು. ಅದೂ ವಿಂಡೋಸ್‌ನ ತಿರುಳಿನಲ್ಲಿ. ಅಲ್ಲಿಂದ ಹೊರಟ ಆಜ್ಞೆಗೆ ಪಾಸ್‌ವರ್ಡ್ ಕೇಳುವವರಿಲ್ಲ, ಅನುಮತಿ ಕೇಳುವವರಿಲ್ಲ.

ಒಳಗೆ ಬಂದದ್ದು ತನ್ನನ್ನು ಒಂದು ಸೇವೆಯಾಗಿ ನೋಂದಾಯಿಸಿಕೊಳ್ಳುತ್ತಿತ್ತು. ಇಟ್ಟುಕೊಂಡ ಹೆಸರು ‘ಮೈಕ್ರೋಸಾಫ್ಟ್ ಸೆಕ್ಯುರಿಟಿ ಸೆಂಟರ್ 2.0’. ಪಟ್ಟಿಯಲ್ಲಿ ಆ ಹೆಸರು ಕಂಡರೆ ಅನುಭವಿಗಳೂ ಮುಂದಕ್ಕೆ ಹೋಗಿಬಿಡುತ್ತಾರೆ. ಆಮೇಲೆ ವರ್ಡ್, ಎಕ್ಸೆಲ್, ಫೋಟೊ, ಡೇಟಾಬೇಸ್ ಹೀಗೆ ಜನ ಕಳೆದುಕೊಳ್ಳಲು ಹೆದರುವ ಬಗೆಯ ಫೈಲ್‌ಗಳನ್ನೇ ಹುಡುಕಿ, ಒಂದೊಂದಕ್ಕೂ ಬೇರೆಬೇರೆ ಕೀಲಿಯಿಂದ ಬೀಗ ಜಡಿಯುತ್ತಿತ್ತು. ಆ ಕೀಲಿಗಳನ್ನೆಲ್ಲ ಮತ್ತೊಂದು ಕೀಲಿಯಿಂದ ಮುಚ್ಚುತ್ತಿತ್ತು. ಅದನ್ನು ತೆರೆಯುವ ಕೀಲಿ ದಾಳಿಕೋರರ ಬಳಿ ಮಾತ್ರ. ಹಾಕಲು ಒಂದು, ತೆಗೆಯಲು ಇನ್ನೊಂದು ಎಂಬ ಈ ಜೋಡಿ ಕೀಲಿಯ ಗಣಿತವೇ ಬ್ಯಾಂಕಿನ ವೆಬ್‌ಸೈಟಿಗೆ ನಾವು ಹೋದಾಗ ನಮ್ಮನ್ನು ಕಾಯುವುದು. ಊಹಿಸಿ ಒಡೆಯುವುದು ಈಗಿನ ಯಾವ ಕಂಪ್ಯೂಟರಿಗೂ ಆಗದ ಮಾತು. ಹಳೆಯ ಸ್ಥಿತಿಗೆ ಮರಳಲೆಂದು ವಿಂಡೋಸ್ ತಾನೇ ಎತ್ತಿಟ್ಟುಕೊಂಡಿರುವ ಪ್ರತಿಗಳನ್ನೂ ಅಳಿಸಿ ಹಾಕಿ, ಕೊನೆಗೆ ಕೆಂಪು ಪರದೆ ತೋರಿಸುತ್ತಿತ್ತು. ಅಂದರೆ ಪರದೆ ಕಾಣಿಸುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು.

ಹಣ ಕೊಟ್ಟವರ ಗತಿ? ಹಣ ಪಡೆಯಲು ಕೊಟ್ಟಿದ್ದದ್ದು ಎಲ್ಲರಿಗೂ ಸೇರಿ ಮೂರೇ ಬಿಟ್‌ಕಾಯಿನ್ ಖಾತೆ. ಯಾವ ಹಣ ಯಾವ ಯಂತ್ರದ್ದೆಂದು ತಾನಾಗಿ ತಿಳಿಯುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಹಣ ಕೊಟ್ಟು ಫೈಲ್ ಬಿಡಿಸಿಕೊಳ್ಳಬಹುದು ಎಂದು ಈಗಲೂ ನಂಬುವವರಿಗೆ ಇಷ್ಟು ಸಾಕು.

ಪ್ಯಾಚ್ ಇತ್ತು, ಹಾಕಿರಲಿಲ್ಲ

ಎಸ್‌ಎಂಬಿಯ ಆ ದೋಷವನ್ನು ದಾಳಿಕೋರರು ಕಂಡುಹಿಡಿದದ್ದಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಅದನ್ನು ಮೊದಲೇ ಪತ್ತೆಮಾಡಿ, ಮೈಕ್ರೋಸಾಫ್ಟ್‌ಗೆ ತಿಳಿಸದೆ, ಬೇಹುಗಾರಿಕೆಯ ಆಯುಧವಾಗಿ ಇಟ್ಟುಕೊಂಡಿತ್ತು. ‘ಎಟರ್ನಲ್ ಬ್ಲೂ’ ಎಂಬುದು ಆ ಆಯುಧದ ಹೆಸರು. ಅದು ಕಳುವಾಯಿತು. 2017ರ ಏಪ್ರಿಲ್ 14ರಂದು ‘ಶ್ಯಾಡೊ ಬ್ರೋಕರ್ಸ್’ ಎಂಬ ಗುಂಪು ಅದನ್ನು ಎಲ್ಲರೂ ನೋಡುವಂತೆ ಬಯಲಿಗಿಟ್ಟಿತು. ಅದನ್ನೆತ್ತಿಕೊಂಡು ವಾನಾಕ್ರೈ ಕಟ್ಟಿದ್ದು ಉತ್ತರ ಕೊರಿಯಾ ಎಂದು ಅದೇ ಡಿಸೆಂಬರ್‌ನಲ್ಲಿ ಅಮೆರಿಕ, ಬ್ರಿಟನ್ ಎರಡೂ ಆರೋಪಿಸಿದವು. ಕೋಟ್ಯಂತರ ಜನ ಬಳಸುವ ತಂತ್ರಾಂಶದಲ್ಲಿ ದೋಷ ಕಂಡ ಸರ್ಕಾರವೊಂದು ಅದನ್ನು ಮುಚ್ಚಿಸುವ ಬದಲು ಗುಟ್ಟಾಗಿ ಬಳಸಿಕೊಂಡದ್ದು ನನ್ನ ಮಟ್ಟಿಗೆ ಕ್ಷಮಿಸಲಾಗದ ತಪ್ಪು. ಅದರ ಬೆಲೆ ತೆತ್ತದ್ದು ಬೇರೆ ದೇಶದ ಆಸ್ಪತ್ರೆಗಳಲ್ಲಿ ಸರದಿ ಕಾಯುತ್ತಿದ್ದ ರೋಗಿಗಳು.

ಆದರೆ ಎಲ್ಲವನ್ನೂ ಅಲ್ಲಿಗೇ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ. ದೋಷ ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ದಾಳಿ ಆದದ್ದು ಮೇ 12ಕ್ಕೆ. ನಡುವೆ 59 ದಿನ. ಬ್ರಿಟನ್ನಿನ ಆರೋಗ್ಯ ಸೇವೆಯ ಡಿಜಿಟಲ್ ವಿಭಾಗ ಮಾರ್ಚ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಪ್ಯಾಚ್ ಹಾಕಿಕೊಳ್ಳಿ ಎಂದು ಆಸ್ಪತ್ರೆಗಳಿಗೆ ಎಚ್ಚರಿಕೆಯನ್ನೂ ಕಳಿಸಿತ್ತು. ದಾಳಿಗೆ ಮೊದಲು ಅದೇ ವಿಭಾಗ 88 ಟ್ರಸ್ಟ್‌ಗಳಿಗೆ ಖುದ್ದು ಹೋಗಿ ಸೈಬರ್ ಭದ್ರತೆ ಪರಿಶೀಲಿಸಿತ್ತು. ಒಂದೂ ಪಾಸಾಗಿರಲಿಲ್ಲ.

ಆಸ್ಪತ್ರೆಯವರ ಕಷ್ಟವನ್ನೂ ಹೇಳಬೇಕು. ಎಂಆರ್‌ಐ ಯಂತ್ರದ ಜೊತೆ ಬಂದ ಕಂಪ್ಯೂಟರನ್ನು ಆಸ್ಪತ್ರೆ ತನ್ನಿಷ್ಟದಂತೆ ಅಪ್‌ಡೇಟ್ ಮಾಡುವಂತಿಲ್ಲ, ಯಂತ್ರ ಕೊಟ್ಟ ಕಂಪನಿ ಒಪ್ಪಬೇಕು. ಅಪ್‌ಡೇಟ್‌ಗೆ ಯಂತ್ರ ನಿಲ್ಲಿಸಿದರೆ ಆ ಹೊತ್ತಿನ ರೋಗಿಗಳ ಗತಿಯೇನು? ಇವು ನಿಜವಾದ ಅಡಚಣೆಗಳು. ಹಾಗೆಂದು ಸೋಂಕು ತಗಲಿದವೆಲ್ಲ ಅಂಥ ಯಂತ್ರಗಳಲ್ಲ. ಬಹುಪಾಲು ಮೇಜಿನ ಮೇಲಿನ ಸಾದಾ ವಿಂಡೋಸ್ 7 ಕಂಪ್ಯೂಟರ್‌ಗಳು. ಅವಕ್ಕೆ ಪ್ಯಾಚ್ ಸಿದ್ಧವಿತ್ತು. ಹಾಕಬೇಕಾದವರು ಯಾರು ಎಂಬುದು ಎಷ್ಟೋ ಕಡೆ ಯಾರಿಗೂ ಗೊತ್ತಿರಲಿಲ್ಲ.

ಹರಡುವಿಕೆ ನಿಂತದ್ದು ಇಂಗ್ಲೆಂಡಿನ ಡೆವನ್ ಜಿಲ್ಲೆಯ ಸಮುದ್ರತೀರದ ಊರೊಂದರಲ್ಲಿ, ಅಪ್ಪ-ಅಮ್ಮನ ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ 22ರ ಯುವಕನಿಂದ. ರಜೆಯಲ್ಲಿದ್ದ ಮಾರ್ಕಸ್ ಹಚಿನ್ಸ್ ಅಂದು ಮಧ್ಯಾಹ್ನ ವಾನಾಕ್ರೈನ ಒಂದು ಮಾದರಿ ತರಿಸಿಕೊಂಡು ಬಿಚ್ಚಿ ನೋಡಿದರು. ಅದು ಕೆಲಸ ಶುರುಮಾಡುವ ಮೊದಲು ಅರ್ಥವಿಲ್ಲದ ಉದ್ದನೆಯ ವೆಬ್ ವಿಳಾಸವೊಂದನ್ನು ಕರೆಯುತ್ತಿತ್ತು. ಆ ವಿಳಾಸ ಯಾರ ಹೆಸರಿನಲ್ಲೂ ಇರಲಿಲ್ಲ. ಸೋಂಕು ಎಲ್ಲೆಲ್ಲಿದೆ ಎಂದು ಎಣಿಸಲು ಅನುಕೂಲವಾದೀತೆಂದು ಹಚಿನ್ಸ್ 10.69 ಡಾಲರ್ ತೆತ್ತು ಅದನ್ನು ನೋಂದಾಯಿಸಿಕೊಂಡರು. ಅಲ್ಲಿಂದ ಉತ್ತರ ಬಂದರೆ ಸುಮ್ಮನಾಗಬೇಕೆಂದು ವಾನಾಕ್ರೈನೊಳಗೇ ಬರೆದಿತ್ತು. ಜಗತ್ತಿನ ಉದ್ದಗಲಕ್ಕೂ ಹೊಸದಾಗಿ ಸೋಂಕು ತಗಲಿದ ಯಂತ್ರಗಳು ಆ ಉತ್ತರ ಪಡೆದು ತಣ್ಣಗಾದವು.

ಹಚಿನ್ಸ್ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹದಿಹರೆಯದಲ್ಲಿ ಬ್ಯಾಂಕ್ ಖಾತೆ ಕದಿಯುವ ‘ಕ್ರೋನೋಸ್’ ಎಂಬ ಕುತಂತ್ರಾಂಶ ಬರೆದ ಆರೋಪದ ಮೇಲೆ ಅಮೆರಿಕದಲ್ಲಿ ಅದೇ ಆಗಸ್ಟ್‌ನಲ್ಲಿ ಅವರ ಬಂಧನವಾಯಿತು. 2019ರಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಾಗಲೇ ಅವರು ಬೇರೆಯೇ ದಾರಿ ಹಿಡಿದಿದ್ದರೆಂದು ಪರಿಗಣಿಸಿದ ನ್ಯಾಯಾಧೀಶರು ಮತ್ತೆ ಜೈಲಿಗೆ ಕಳಿಸಲಿಲ್ಲ. ಸರಿಯಾದ ತೀರ್ಪು ಅನ್ನಿಸುತ್ತದೆ.

ಫ್ಲಾಪಿಯಿಂದ ಜೆರಾಕ್ಸ್ ಅಂಗಡಿವರೆಗೆ

ಜನರ ಕೈಯಿಂದ ಹರಡುವ ವೈರಸ್‌ಗಳ ಕಥೆ ವಾನಾಕ್ರೈಗಿಂತ ಬಹಳ ಹಳೆಯದು. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಹುಟ್ಟಿದ್ದು ನಮ್ಮ ನೆರೆಯಲ್ಲೇ. 1986ರಲ್ಲಿ ಲಾಹೋರ್‌ನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಅದು. ತಮ್ಮ ತಂತ್ರಾಂಶವನ್ನು ನಕಲು ಮಾಡುವವರನ್ನು ಪತ್ತೆ ಹಚ್ಚಲು ಬರೆದದ್ದು ಎಂದು ಅವರು ಹೇಳಿದರು. ವೈರಸ್‌ನೊಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು. ಫ್ಲಾಪಿಯಲ್ಲಿ ಕಂಪ್ಯೂಟರ್ ಎಲ್ಲಕ್ಕಿಂತ ಮೊದಲು ಓದುವ ಭಾಗವಾದ ಬೂಟ್ ಸೆಕ್ಟರ್‌ನಲ್ಲಿ ಬ್ರೇನ್ ಕೂರುತ್ತಿತ್ತು. ಆ ಫ್ಲಾಪಿಯಿಂದ ಕಂಪ್ಯೂಟರ್ ಚಾಲೂ ಮಾಡಿದರೆ ಮೆಮೊರಿಯಲ್ಲಿ ಉಳಿದುಕೊಂಡು, ಮುಂದೆ ಹಾಕಿದ ಫ್ಲಾಪಿಗಳಿಗೂ ಹತ್ತುತ್ತಿತ್ತು.

ಫ್ಲಾಪಿ ಹೋಯಿತು, ಆ ವಿದ್ಯೆ ಹೋಗಲಿಲ್ಲ. ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಗೆ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಲು ಹೋದ ವಿದ್ಯಾರ್ಥಿಗಳಿಗೆ ‘ಶಾರ್ಟ್‌ಕಟ್ ವೈರಸ್’ ಚೆನ್ನಾಗಿ ಗೊತ್ತು. ಪೆನ್‌ಡ್ರೈವ್ ಹಾಕಿ ತೆಗೆದು ಮನೆಗೆ ಬಂದು ನೋಡಿದರೆ ಫೋಲ್ಡರ್‌ಗಳ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು. ನಿಜವಾದ ಫೋಲ್ಡರ್‌ಗಳು ಅಳಿಸಿಹೋಗಿರುವುದಿಲ್ಲ. ವೈರಸ್ ಅವನ್ನು ಮರೆಮಾಡಿರುತ್ತದೆ ಅಷ್ಟೆ. ಶಾರ್ಟ್‌ಕಟ್ ಒತ್ತಿದರೆ ಮೊದಲು ಅಡಗಿಸಿಟ್ಟ ಸ್ಕ್ರಿಪ್ಟ್ ಓಡಿ ಕಂಪ್ಯೂಟರಿಗೆ ಸೋಂಕು ಹತ್ತಿಸುತ್ತದೆ, ಮರುಕ್ಷಣವೇ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ತೆರೆಯಿತಲ್ಲ ಎಂದು ಒತ್ತಿದವರೂ ನಿಶ್ಚಿಂತರಾಗುತ್ತಾರೆ. ಮುಂದೆ ಆ ಕಂಪ್ಯೂಟರಿಗೆ ಯಾರೇ ಪೆನ್‌ಡ್ರೈವ್ ಹಾಕಲಿ, ಇದು ಜೊತೆಗೆ ಹೋಗುತ್ತದೆ. ನಕಲಿ ವಿಂಡೋಸ್ ಹಾಕಿಸಿ, ಅಪ್‌ಡೇಟ್ ಬಂದರೆ ಕೆಟ್ಟೀತೆಂದು ಅದನ್ನು ಬಂದ್ ಮಾಡಿಟ್ಟ ಅಂಗಡಿಯ ಒಂದೇ ಕಂಪ್ಯೂಟರ್ ಇಡೀ ಕಾಲೇಜಿಗೆ ಹಂಚಲು ಸಾಕು. ದಯವಿಟ್ಟು ಪ್ರಿಂಟ್‌ಗೆ ಪೆನ್‌ಡ್ರೈವ್ ಬದಲು ಇಮೇಲ್‌ನಲ್ಲಿ ಪಿಡಿಎಫ್ ಕಳಿಸಿ.

ಘಾನಾದಲ್ಲಿ ಕರೆಂಟು ಹೋಗಿತ್ತು

ಅಪ್‌ಡೇಟ್ ಮಾಡಿಕೊಂಡಿದ್ದರೆ ಸಾಕೇ? ಸಾಲದು ಎಂದು ವಾನಾಕ್ರೈ ನಡೆದು ಏಳು ವಾರ ತುಂಬುವುದರೊಳಗೆ ಗೊತ್ತಾಯಿತು. 2017ರ ಜೂನ್ 27ರಂದು ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆಂದು ಬಹುಪಾಲು ಕಂಪನಿಗಳು ಬಳಸುತ್ತಿದ್ದ ‘ಎಂ.ಇ.ಡಾಕ್’ ತಂತ್ರಾಂಶದ ಅಪ್‌ಡೇಟ್ ವ್ಯವಸ್ಥೆಯೊಳಗೇ ದಾಳಿಕೋರರು ಸೇರಿಕೊಂಡು ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶವನ್ನು ಬಿಟ್ಟರು. ಅದು ಎಟರ್ನಲ್ ಬ್ಲೂ ಜೊತೆಗೆ ಇನ್ನೊಂದು ಉಪಾಯವನ್ನೂ ಹೊತ್ತು ತಂದಿತ್ತು. ಹೊಕ್ಕ ಯಂತ್ರದ ಮೆಮೊರಿಯಿಂದ ಪಾಸ್‌ವರ್ಡ್‌ಗಳನ್ನು ಹೆಕ್ಕಿ, ಅವುಗಳ ಬಲದಿಂದ ಪ್ಯಾಚ್ ಹಾಕಿದ್ದ ಯಂತ್ರಗಳಿಗೂ ಸಲೀಸಾಗಿ ಹೋಗುತ್ತಿತ್ತು. ಮೇಲ್ನೋಟಕ್ಕೆ ಹಣದ ಬೇಡಿಕೆ. ಒಳಗೆ ನೋಡಿದರೆ ಬೀಗ ತೆರೆಯುವ ದಾರಿಯನ್ನೇ ಅದು ಉಳಿಸಿರಲಿಲ್ಲ. ಹಾಳು ಮಾಡುವುದೇ ಉದ್ದೇಶ.

ಜಗತ್ತಿನ ಹಡಗು ಸಾಗಣೆಯಲ್ಲಿ ದೊಡ್ಡ ಹೆಸರಾದ ಡೆನ್ಮಾರ್ಕಿನ ಮೆರ್ಸ್ಕ್ ಕಂಪನಿ ನೆಲಕಚ್ಚಿತು. 4 ಸಾವಿರ ಸರ್ವರ್, 45 ಸಾವಿರ ಕಂಪ್ಯೂಟರ್‌ಗಳಿಗೆ ಮತ್ತೆ ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುವ ಟರ್ಮಿನಲ್ ಕೂಡ ನಿಂತಿತು. ಯಾರು ಯಾವ ಯಂತ್ರದೊಳಗೆ ಹೋಗಬಹುದು ಎಂಬ ಇಡೀ ಕಂಪನಿಯ ವಿವರ ಇಟ್ಟುಕೊಳ್ಳುವ ಸರ್ವರ್‌ಗಳು ಬೇರೆಬೇರೆ ದೇಶಗಳಲ್ಲಿದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ಪಡೆಯಬಹುದೆಂಬ ಲೆಕ್ಕದಲ್ಲಿ ಅವು ಒಂದಕ್ಕೊಂದು ಪ್ರತಿಯಾಗಿದ್ದವು. ಎಲ್ಲವೂ ಒಟ್ಟಿಗೇ ಅಳಿಸಿಹೋಗುತ್ತವೆಂದು ಯಾರೂ ಎಣಿಸಿರಲಿಲ್ಲ. ಹುಡುಕಿದಾಗ ಘಾನಾದ ಕಚೇರಿಯಲ್ಲಿ ಒಂದೇ ಒಂದು ಉಳಿದಿತ್ತು. ದಾಳಿಗೆ ಮೊದಲು ಅಲ್ಲಿ ಕರೆಂಟು ಹೋಗಿ ಆ ಸರ್ವರ್ ಜಾಲದಿಂದ ಹೊರಗುಳಿದಿತ್ತು. ಅದರ ಮಾಹಿತಿಯನ್ನು ಒಂದು ಡಿಸ್ಕ್‌ನಲ್ಲಿ ಕೈಯಿಂದ ಕೈಗೆ ದಾಟಿಸಿ, ವಿಮಾನದಲ್ಲಿ ಇಂಗ್ಲೆಂಡಿಗೆ ತಂದು ಕಂಪನಿಯನ್ನು ಮತ್ತೆ ಎಬ್ಬಿಸಿದರು. ಜಾಲಕ್ಕೆ ಸದಾ ಅಂಟಿಕೊಂಡಿರುವ ಪ್ರತಿಯನ್ನು ಬ್ಯಾಕಪ್ ಎಂದು ನೆಚ್ಚುವಂತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ದಿಲ್ಲಿಯ ಏಮ್ಸ್ ಆಸ್ಪತ್ರೆ ಇದನ್ನೇ ಇನ್ನೊಂದು ಬದಿಯಿಂದ ತೋರಿಸಿತು. 2022ರ ನವೆಂಬರ್ 23ರಂದು ಅಲ್ಲಿನ ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ, ಬಡಿಯಿತು. ದೇಶದ ಮೂಲೆಮೂಲೆಯಿಂದ ಬಂದ ರೋಗಿಗಳ ನೋಂದಣಿ, ಲ್ಯಾಬ್ ವರದಿ, ಡಿಸ್‌ಚಾರ್ಜ್ ಎಲ್ಲವನ್ನೂ ಸುಮಾರು ಎರಡು ವಾರ ಕೈಬರಹದಲ್ಲೇ ನಡೆಸಬೇಕಾಯಿತು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಜಾಲವನ್ನು ಸರಿಯಾಗಿ ಭಾಗ ಮಾಡದೇ ಇದ್ದದ್ದೇ ಕಾರಣವೆಂದೂ ಹೇಳಿತು. ಒಂದು ವಿಭಾಗದ ಯಂತ್ರಕ್ಕೂ ಇನ್ನೊಂದು ವಿಭಾಗದ ಯಂತ್ರಕ್ಕೂ ನಡುವೆ ತಡೆಯಿಲ್ಲದಿದ್ದರೆ ಒಂದು ಕಡೆ ಹೊಕ್ಕದ್ದು ಎಲ್ಲೆಡೆ ಹೋಗುತ್ತದೆ. ಆದರೂ ಆಸ್ಪತ್ರೆ ನಿರ್ವಹಣೆಯ ಇ-ಹಾಸ್ಪಿಟಲ್ ವ್ಯವಸ್ಥೆಯ ದಾಖಲೆಗಳು ಉಳಿದವು. ಸೋಂಕು ಮುಟ್ಟದ ಬ್ಯಾಕಪ್ ಸರ್ವರ್ ಒಂದಿತ್ತು. ಅದರಿಂದ ತೆಗೆದು ಹೊಸ ಸರ್ವರ್‌ಗಳಿಗೆ ತುಂಬಿದರು.

ಮದುವೆ ಕರೆಯೋಲೆಯ ಹೆಸರಲ್ಲಿ

ಈಗ ನಮ್ಮ ಹಳ್ಳಿಗಳಿಗೂ ಬಂದಿರುವ ದಾಳಿ ಮೊಬೈಲಿನದು. ಪರಿಚಿತರ ನಂಬರಿನಿಂದಲೇ ವಾಟ್ಸ್‌ಆ್ಯಪ್‌ಗೆ ಮದುವೆ ಕರೆಯೋಲೆಯೋ, ಟ್ರಾಫಿಕ್ ದಂಡದ ಚಲನ್ನೋ, ಪಿಎಂ ಕಿಸಾನ್ ಪಟ್ಟಿಯೋ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುತ್ತದೆ. ಕರೆಯೋಲೆಯಾದರೆ ಫೋಟೊ ಅಥವಾ ಪಿಡಿಎಫ್ ಆಗಿರಬೇಕು. ಎಪಿಕೆ ಎಂದರೆ ಆ್ಯಪ್. ಒತ್ತಿದಾಗ ಫೋನೇ ಎಚ್ಚರಿಸುತ್ತದೆ, ಗೊತ್ತಿಲ್ಲದ ಮೂಲದ ಆ್ಯಪ್ ಹಾಕಬೇಕೇ ಎಂದು ಕೇಳುತ್ತದೆ. ನಾವೇ ಹೂಂ ಅಂದುಬಿಡುತ್ತೇವೆ. ಆಮೇಲೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಅದಕ್ಕೂ ಹೂಂ. ಅಲ್ಲಿಗೆ ಬ್ಯಾಂಕಿನಿಂದ ಬರುವ ಒಟಿಪಿ ನಮಗಿಂತ ಮೊದಲೇ ಕಳ್ಳರಿಗೆ ಮುಟ್ಟುತ್ತದೆ. ‘ಯಾರಿಗೂ ಒಟಿಪಿ ಹೇಳಿಲ್ಲ, ಆದರೂ ದುಡ್ಡು ಹೋಯಿತು’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಬೈಯಬೇಡಿ. ಬೈಗುಳಕ್ಕೆ ಹೆದರಿ ಎಷ್ಟೋ ಹಿರಿಯರು ವಿಷಯವನ್ನು ಮನೆಯವರಿಂದ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ.

ಹೀಗಾದರೆ ಮೊದಲು ಆ ಫೋನಿನ ಇಂಟರ್ನೆಟ್ ಬಂದ್ ಮಾಡಿ. ಇನ್ನೊಂದು ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ದೂರು ಹೋಗುತ್ತದೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಇನ್ನು ಕಚೇರಿಗಳ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಸ್ತರಿತ ಸೇವೆಗೆ ಹೆಸರು ನೋಂದಾಯಿಸದ ಕಂಪ್ಯೂಟರ್‌ಗಳಿಗೆ ಹೊಸ ದೋಷ ಸಿಕ್ಕರೂ ಪ್ಯಾಚ್ ಬರುವುದಿಲ್ಲ. ಶಾಲೆ, ಸಹಕಾರ ಸಂಘ, ಕ್ಲಿನಿಕ್, ಪಂಚಾಯಿತಿ, ಎಲ್ಲೇ ಕೆಲಸ ಮಾಡುತ್ತಿರಲಿ, ಮುಂದಿನ ಸಲ ಕಚೇರಿಗೆ ಹೋದಾಗ ಮೂರು ಪ್ರಶ್ನೆ ಕೇಳಿ. ನಮ್ಮ ಕಂಪ್ಯೂಟರ್‌ಗಳ ಅಪ್‌ಡೇಟ್ ಯಾರ ಜವಾಬ್ದಾರಿ? ಜಾಲದಿಂದ ಕಳಚಿಟ್ಟ ಬ್ಯಾಕಪ್ ಇದೆಯೇ? ಅದರಿಂದ ಫೈಲ್ ಮರಳಿ ಬರುತ್ತದೆಯೇ ಎಂದು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಮೂರಕ್ಕೂ ಒಬ್ಬರ ಹೆಸರು, ಒಂದು ತಾರೀಕು ಸಿಗದಿದ್ದರೆ, ಸಿಗುವವರೆಗೆ ಕೇಳುತ್ತಲೇ ಇರಿ.